ಶೀನ ಮಾವನ ಸೊಂಟಕ್ಕೊಂದು ಚೂರಿ

ಮೊನ್ನೆ ಹಾಲಾಡಿಯ ಒಂದು ಮದುವೆ ಹಾಲ್‌ನಲ್ಲಿ ಮೈಕು ಕೈಕೊಟ್ಟಿತು. ದಿಬ್ಬಣ ಬಾಗಿಲಿಗೆ ಬಂದಾಗಿದೆ, ಓಲಗದವರು ಕೆನ್ನೆ ಉಬ್ಬಿಸಿಯಾಗಿದೆ, ನನ್ನ ಪೆಟ್ಟಿಗೆಗಳಿಂದ ಮಾತ್ರ ಬೆಕ್ಕಿನ ಬಾಲ ತುಳಿದ ಹಾಗೆ ‘ಕುಂಯ್’ ಎಂಬ ಒಂದೇ ಸ್ವರ. ನಾನು ಕಿಸೆಗೆ ಕೈ ಹಾಕಿ ಚೂರಿ ತೆಗೆದು, ವಯರಿನ ಸಿಪ್ಪೆ ಸುಲಿದು, ಗಂಟು ಹಾಕಿ ಟೇಪು ಸುತ್ತಿ ತಲೆ ಎತ್ತಿದರೆ ಅಡುಗೆಯ ಭಟ್ಟರು ಸೌಟು ಹಿಡಿದುಕೊಂಡೇ ನನ್ನನ್ನು ನೋಡುತ್ತ ನಿಂತಿದ್ದಾರೆ. ನನ್ನನ್ನಲ್ಲ, ಚೂರಿಯನ್ನು.

“ಎಂತ ಮಾರಾಯ ಇದ್? ಸಮುದ್ರದಿಂದ ತೇಲಿ ಬಂದದ್ದಾ?” ಎಂದರು. “ಈಗ ಕೀಚೈನಿಗೆ ಹಾಕುದ್ ಬತ್ತಲ್ದಾ, ಒಂದ್ರಂಗೇ ಏಳೆಂಟ್ ಸಾಮಾನ್ ಇಪ್ಪುದ್. ನೀನ್ ಕರೆಂಟಿನ ಕೆಲ್ಸದವ. ನಿಂಗ್ ಗೊತ್ತಿಲ್ಯಾ?”

ಗೊತ್ತಿಲ್ಲವೇ! ಈ ಮೂರು ತಾಲೂಕಿನಲ್ಲಿ ಮಡಚುವ ಚೂರಿಯ ವಿಷಯದಲ್ಲಿ ನನ್ನಷ್ಟು ತಲೆ ಕೆಡಿಸಿಕೊಂಡವರು ಯಾರಾದರೂ ಇದ್ದರೆ ಅವರ ಕಾಲಿಗೆ ಬೀಳುತ್ತೇನೆ. ಅಲಗು ಎಷ್ಟು ಉದ್ದ ಇರಬೇಕು, ಕತ್ತರಿಯ ಸ್ಪ್ರಿಂಗು ಎಷ್ಟು ವರ್ಷ ಬಾಳುತ್ತದೆ, ಹಲ್ಲುಕಡ್ಡಿ ಕಳೆದುಹೋದರೆ ಬೇರೆ ಸಿಗುತ್ತದೆಯೇ, ಏನು ಬೇಕಾದರೂ ಕೇಳಿ. ಇಷ್ಟೆಲ್ಲ ತಿಳಿದ ಮಹಾಪಂಡಿತನ ಕಿಸೆಯಲ್ಲಿ ಇರುವುದು ನೀಲಿ ಬಲೆದಾರ ಸುತ್ತಿದ ಹಿಡಿಯ, ಒಂದೇ ಒಂದು ಅಲಗಿನ ಮುದಿ ಚೂರಿ. ಅಲಗೂ ಕಲ್ಲಿಗೆ ತಿಕ್ಕಿ ತಿಕ್ಕಿ ಬಂಗುಡೆಯಷ್ಟಿದ್ದದ್ದು ಬೈಗೆ ಮೀನಿನಷ್ಟಾಗಿದೆ. ಭಟ್ಟರ ಪಾಯಸ ತಳ ಹಿಡಿಯುವ ವಾಸನೆ ಬಂದದ್ದರಿಂದ ಅವರಿಗೆ ಕಥೆ ಹೇಳಲಾಗಲಿಲ್ಲ. ನೀವು ಪುರುಸೊತ್ತಿನಲ್ಲಿದ್ದೀರಿ, ಕೇಳಿ.

ಮೊದಲು ನನ್ನ ಜಾತಕ. ಊರು ಕೋಡಿ. ಉದ್ಯೋಗ ಮೈಕ್ ಸೆಟ್ಟು. ಕಾರ್ಯಕ್ರಮಕ್ಕೆ ಮೈಕು ಕಟ್ಟುವುದು, ಕಟ್ಟಿದ ಮೈಕಿನಲ್ಲಿ ಮಾತಾಡುವವರು ಬರುವುದು ತಡವಾದರೆ ನಾನೇ ಮಾತಾಡುವುದು. ಮಾತಾಡುವುದೆಂದರೆ ನನ್ನ ಸ್ವರದಲ್ಲಲ್ಲ. ನನ್ನ ಸ್ವರ ಕೇಳಲು ಯಾರು ಕೂರುತ್ತಾರೆ? ಬಸ್ಸಿನ ಕಂಡಕ್ಟರು, ಬಂದರಿನಲ್ಲಿ ಮೀನು ಏಲಂ ಕೂಗುವವರು, ವಾರ್ಡಿನ ಮೆಂಬರು, ಅವರ ಹಿಂದೆ ‘ಹೌದೌದು’ ಎನ್ನುವವರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದಾರೆ. ಮೂರನೆಯ ಕ್ಲಾಸಿನಲ್ಲಿ ಹೆಡ್ಮಾಸ್ಟರ ಸ್ವರದಲ್ಲಿ ‘ಎಲ್ಲರೂ ಮನೆಗೆ ಹೋಗಿ’ ಎಂದು ಕೂಗಿ ಅರ್ಧ ಶಾಲೆಯನ್ನು ಗೇಟಿನವರೆಗೆ ಕಳಿಸಿದ್ದೆ. ಅಂದು ತಿಂದ ಪೆಟ್ಟಿನ ಲೆಕ್ಕ ನನ್ನಲ್ಲಿಲ್ಲ. ಆದರೆ ಸಂಜೆ ಅಮ್ಮನ ಅಣ್ಣ ಶೀನ ಮಾವ ಇಡೀ ಕಥೆ ಕೇಳಿ, ನಕ್ಕು ನಕ್ಕು ಕಣ್ಣೊರೆಸಿಕೊಂಡು, “ಇದ್ ಮಾಣಿ ಅಲ್ಲ, ರೇಡಿಯೋ” ಎಂದರು. ಅಂದಿನಿಂದ ನಾನು ರೇಡಿಯೋ. ರಾಘವೇಂದ್ರ ಎಂಬ ಹೆಸರು ರೇಷನ್ ಕಾರ್ಡಿಗೆ ಮಾತ್ರ.

ಶೀನ ಮಾವನ ಮನೆ ನಮ್ಮ ಮನೆಗೆ ಅಂಟಿಕೊಂಡೇ ಇದೆ. ನಡುವೆ ಬೇಲಿ ಇತ್ತು, ನಾವು ಮಕ್ಕಳು ಹಾರಿ ಹಾರಿ ಅದೇ ಬೇಸತ್ತು ಬಿದ್ದುಹೋಯಿತು. ಮಾವ ಪ್ರಾಯದಲ್ಲಿ ಮುಂಬಯಿಯ ಬೋಟಿನಲ್ಲಿದ್ದವರು, ಆಮೇಲೆ ಇಲ್ಲಿಯ ಬೋಟಿನಲ್ಲಿ. ಈಗ ಮಂಡಿ ನೋವೆಂದು ನೀರಿಗೆ ಇಳಿಯುವುದಿಲ್ಲ. ಗಾಳಿಮರದ ಕೆಳಗೆ ಒಂದು ಚಪ್ಪರ ಹಾಕಿಕೊಂಡು ಹರಿದ ಬಲೆಗಳನ್ನು ಸರಿಮಾಡುತ್ತಾರೆ. ಆ ಚೂರಿ ಅವರ ಮುಂಬಯಿ ಕಾಲದ್ದು. ಮಾವ ಉಡುವುದು ಲುಂಗಿ. ಲುಂಗಿಗೆ ಕಿಸೆ ಇಲ್ಲವಾದ್ದರಿಂದ ಚೂರಿ ಸದಾ ಉಡಿದಾರಕ್ಕೆ ಕಟ್ಟಿಕೊಂಡು ನೇತಾಡುತ್ತಿತ್ತು.

ನನ್ನ ಬಾಲ್ಯದ ರುಚಿಗಳೆಲ್ಲ ಆ ಚೂರಿಯ ತುದಿಯಿಂದ ಬಂದವು. ಹುಳಿ ಮಾವಿನಕಾಯಿಯನ್ನು ಕೊಯ್ದು, ಉಪ್ಪು ಮೆಣಸಿನ ಹುಡಿ ಹಚ್ಚಿ, ಅಲಗಿನ ಮೇಲೇ ಇಟ್ಟು ಮಾವ ಮರಳಿನ ಮೇಲೆ ಹಾಸಿದ ಎಲೆಗೆ ಜಾರಿಸುತ್ತಿದ್ದರು. ಎಳನೀರ ಬೊಂಡದ ಗಂಜಿ ಕೆರೆಯುವುದು ಅದರಲ್ಲೇ, ಪಾದಕ್ಕೆ ಹೊಕ್ಕ ಚಿಪ್ಪಿನ ಚೂರು ತೆಗೆಯುವುದು ಅದರಲ್ಲೇ, ನನ್ನ ಶಾಲೆಯ ಪೆನ್ಸಿಲ್ ಚೂಪು ಮಾಡುವುದೂ ಅದರಲ್ಲೇ. ಹಾಗಾಗಿ ನನ್ನ ಮಗ್ಗಿ ಪುಸ್ತಕಕ್ಕೆ ಎಂಟನೆಯ ಮಗ್ಗಿಯವರೆಗೂ ಮೀನಿನ ವಾಸನೆ ಇತ್ತು. ಆಮೇಲಿನ ಮಗ್ಗಿ ನನಗೆ ಬರುವುದಿಲ್ಲ, ವಾಸನೆಯ ಮಾತು ಹಾಗಿರಲಿ.

ಒಂದೇ ಒಂದು ಕಟ್ಟಳೆ ಇತ್ತು. ಚೂರಿಯನ್ನು ಕೈಯಿಂದ ಕೈಗೆ ಕೊಡುವ ಹಾಗಿಲ್ಲ. ಉಪ್ಪು, ಮೆಣಸು, ಚೂರಿ ಈ ಮೂರನ್ನು ಕೈಗೆ ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಬೀಳುತ್ತದೆಂದು ನಮ್ಮಲ್ಲಿ ನಂಬಿಕೆ. ಕೊಡುವವರು ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ನಮ್ಮ ಅಡುಗೆಮನೆಯಲ್ಲಂತೂ ಅಮ್ಮ ಮತ್ತು ಶೀನ ಮಾವನ ಹೆಂಡತಿ, ನನ್ನ ಅತ್ತೆ, ಇಬ್ಬರೇ ಇದ್ದರೂ ಒಬ್ಬರು ಬಗ್ಗಿ ಇಡುವುದು, ಇನ್ನೊಬ್ಬರು ಬಗ್ಗಿ ಎತ್ತುವುದು. ಇಷ್ಟು ವ್ಯಾಯಾಮ ಮಾಡಿಯೂ ಅವರು ದಿನಕ್ಕೆರಡು ಸಲ ಜಗಳಾಡುತ್ತಿದ್ದರು ಎಂಬುದು ಬೇರೆ ವಿಷಯ. ಮಾವನೂ ಹಾಗೆಯೇ. ಮರಳಿನ ಮೇಲೆ ಇಟ್ಟು, “ತಕೋ” ಎನ್ನುತ್ತಿದ್ದರು. ನಾನು ಎತ್ತಿ, ಮರಳು ಊದಿ, ಬಿಡಿಸುತ್ತಿದ್ದೆ. ಆ ‘ಟಕ್’ ಎಂಬ ಶಬ್ದ ನಾನು ಬಾಯಲ್ಲಿ ಮಾಡಲು ಕಲಿತ ಮೊದಲ ಶಬ್ದ.

ಈಗ ನನ್ನ ಮಹಾಪರಾಧಕ್ಕೆ ಬರುತ್ತೇನೆ.

ಮಾವನ ಮಗಳು ಮುಂಬಯಿಯಲ್ಲಿದ್ದಾಳೆ. ಅವಳೂ ಗಂಡನೂ ಸೇರಿ ಸಣ್ಣದೊಂದು ಊಟದ ಹೋಟೆಲು ನಡೆಸುತ್ತಾರೆ. ಅವರ ಮಗಳು ಪರಿ, ಐದು ವರ್ಷ. ಪರಿಗೆ ಕನ್ನಡದಲ್ಲಿ ಗೊತ್ತಿರುವುದು ‘ಅಜ್ಜ’ ಎಂಬ ಒಂದೇ ಶಬ್ದ. ಉಳಿದದ್ದೆಲ್ಲ ಹಿಂದಿ. ಮಾವನಿಗೆ ಬೋಟಿನಲ್ಲಿ ಕಲಿತ ಹಿಂದಿ ಇತ್ತು. ಅದರಲ್ಲಿ ಅರ್ಧ ಬೈಗುಳ, ಮಗುವಿನ ಹತ್ತಿರ ಆಡುವಂಥದ್ದಲ್ಲ. ಉಳಿದರ್ಧಕ್ಕೆ ನಮ್ಮ ಕನ್ನಡ ಬೆರೆಸಿ, ದಿನಾ ಸಂಜೆ ನಾಲ್ಕು ಗಂಟೆಗೆ, ಅವಳು ಶಾಲೆಯಿಂದ ಬಂದ ಹೊತ್ತಿಗೆ, ಮಾವ ಚಪ್ಪರದಲ್ಲಿ ಕೂತು ಫೋನಿಗೆ ಮುಖ ಹಿಡಿದು ಊರೆಲ್ಲ ಕೇಳುವಂತೆ ಮಾತಾಡುತ್ತಿದ್ದರು. ನಾನು ಅಲ್ಲೇ ಪಕ್ಕದಲ್ಲಿ ಸ್ಪೀಕರು ಬಿಚ್ಚಿ ಕೂತವನು, ಕಿವಿ ತೆರೆದೇ ಇರುತ್ತಿತ್ತು. ಕಳ್ಳನ ಕೈಗೆ ಬೀಗದ ಕೈ ಸಿಕ್ಕಿದ ಹಾಗೆ.

ಬ್ರಹ್ಮಾವರದಲ್ಲಿ ಸಂಬಂಧಿಕರ ಮದುವೆ. ಊಟ ಮುಗಿದಿತ್ತು, ಬೀಡ ಜಗಿಯುತ್ತ ಜನ ಕೂತಿದ್ದರು. ವಧೂವರರು ಫೋಟೋದವನ ಕೈಯಲ್ಲಿ ಸಿಕ್ಕಿಬಿದ್ದಿದ್ದರು. “ಹ್ವಾಯ್ ರೇಡಿಯೋ, ಎಂತಾರೂ ಬಿಡ್ ಮಾರಾಯ” ಎಂದು ಯಾರೋ ಕೂಗಿದರು. ಕಂಡಕ್ಟರು ಬಂದ, ಏಲಂ ಬಂತು, ಮೆಂಬರು ಬಂದರು. ನಗು ಏರಿತು. ಏರಿದ ನಗುವನ್ನು ಇಳಿಯಲು ಬಿಡುವುದು ಈ ಕಸುಬಿನಲ್ಲಿ ದೊಡ್ಡ ಸೋಲು. ನಾನು ಹೆಗಲಿಗೆ ಬೈರಾಸು ಹಾಕಿಕೊಂಡು ಕುರ್ಚಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಮೈಕನ್ನೇ ಫೋನಿನಂತೆ ಮುಖದ ಎದುರು ಹಿಡಿದೆ.

“ಹಲೋ ಬೇಟೀ! ಹಮ್ ಬಲೆ ಮೇ ಬೈಠಾ ಹೈ! ತುಮ್ ಊಟ ಕಿಯಾ? ಆಜ್ ಬಂಗ್ಡಾ ಬಹುತ್ ಆಯಾ. ಸಬ್ ಬಂಗ್ಡಾ ಆಯಾ, ತುಮ್ ನೈ ಆಯಾ!”

ಹಾಲ್ ಬಿದ್ದುಹೋಗುವಂತೆ ಜನ ನಕ್ಕರು. ಕೊನೆಯ ವಾಕ್ಯಕ್ಕೆ ಅತ್ಯಂತ ದೊಡ್ಡ ನಗು ಬಂತು, ಹಾಗಾಗಿ ಅದನ್ನು ಎರಡು ಸಲ ಹೇಳಿದೆ. ಮೂರನೆಯ ಸಾಲಿನಲ್ಲಿ ಮಾವನೂ ಕೂತಿದ್ದರು. ಅವರೂ ಬೈರಾಸು ಬಾಯಿಗೆ ಹಿಡಿದು ನಗುತ್ತಿದ್ದರು. ಅದನ್ನು ನೋಡಿ ನಾನು ಇನ್ನೂ ಉಬ್ಬಿದೆ.

ಹೋಗುವಾಗ ಮಾವ ನನ್ನ ಜೊತೆ ಸ್ಪೀಕರು ಪೆಟ್ಟಿಗೆಗಳ ನಡುವೆ ಟೆಂಪೋದಲ್ಲಿ ಕೂತು ಬಂದವರು. ಬರುವಾಗ ನಾನು ವಯರು ಸುತ್ತಿ ಮುಗಿಸುವಷ್ಟರಲ್ಲಿ ಬಸ್ಸು ಹಿಡಿದು ಹೋಗಿದ್ದರು. ಮರುದಿನ ಚಪ್ಪರಕ್ಕೆ ಹೋದರೆ ಸೂಜಿಯಿಂದ ಕಣ್ಣೆತ್ತಿ, “ರಾಘವೇಂದ್ರ ಅಲ್ದಾ? ಬನಿ, ಕೂಕಣಿ” ಎಂದರು.

ನಿಮಗೆ ಅರ್ಥವಾಗಲಿಕ್ಕಿಲ್ಲ ಇದು ಎಂಥ ಪೆಟ್ಟೆಂದು. ಮಾವ ಬೈಯುತ್ತಿದ್ದರೆ, ಕೈಗೆ ಸಿಕ್ಕಿದ್ದನ್ನು ಎಸೆಯುತ್ತಿದ್ದರೆ ನಾನು ಓಡುತ್ತಿದ್ದೆ, ಅದನ್ನೂ ಒಂದು ಐಟಂ ಮಾಡುತ್ತಿದ್ದೆ. ‘ಬನಿ, ಕೂಕಣಿ’ ಎನ್ನುವುದು ನಾವು ಬ್ಯಾಂಕಿನವರಿಗೆ, ಜನಗಣತಿಗೆ ಬಂದವರಿಗೆ. ಹೊತ್ತು ಆಡಿಸಿದ ಮಾವ ನನಗೆ ಬಹುವಚನ ಕೊಟ್ಟುಬಿಟ್ಟರು.

ಕೆಲವು ದಿನ ಇದು ಹೀಗೇ ನಡೆಯಿತು. ಕಾರಣ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಾನು ಓಡಾಡುತ್ತಿದ್ದೆ. ಒಂದು ಸಂಜೆ ನಾಲ್ಕು ಗಂಟೆಗೆ ಅತ್ತೆ ಜಗಲಿಯಲ್ಲಿ ಫೋನು ಹಿಡಿದು ಕೂತಿದ್ದರು. ಮಾವ ಚಪ್ಪರದ ಕಡೆ ಬೆನ್ನು ಹಾಕಿ ಹೋಗುತ್ತಿದ್ದರು. ಫೋನಿನೊಳಗಿಂದ ಪರಿ, “ಅಜ್ಜ ಕಹಾಂ ಹೈ?” ಎಂದು ಕೇಳುತ್ತಿದ್ದಳು.

ಮಾತು ಮುಗಿದ ಮೇಲೆ ಅತ್ತೆ ಹೇಳಿದರು. “ನಿನ್ ಮಾವ ಈಗ ಪೋನ್ ಮುಟ್ಟುದಿಲ್ಲೆ ಮಗಾ. ಬ್ರಹ್ಮಾವರದಿಂದ ಬಂದದ್ದೇ ಹಂಗೆ. ಕೇಂಡ್ರೆ, ‘ನಂಗ್ ಹಿಂದಿ ಬತ್ತಿಲ್ಲೆ, ನಾಲ್ಕ್ ಜನ ನೆಗಾಡುದ್ ಸಾಕ್. ನಾಳೆ ಮಗು ದೊಡ್ಡದಾರೆ ಅದೂ ನೆಗಾಡತ್ತ್’ ಅಂದೇಳಿ ಎದ್ದ್ ಹೋತ್ರ್. ದಿನಾ ಅದ್ ಕೇಂತ್ತ್, ದಿನಾ ನಾನ್ ಸುಳ್ಳ್ ಹೇಳ್ತೆ.”

“ನೀವ್ ಹ್ಯಾಂಗ್ ಮಾತಾಡ್ತ್ರಿ ಅತ್ತೆ? ನಿಮ್ಗ್ ಅಷ್ಟೂ ಹಿಂದಿ ಬತ್ತಿಲ್ಲೆ ಅಲ್ದಾ?”

“ನಂಗೆಂತ ಮಂಡೆಬಿಸಿ? ನಾನ್ ಕನ್ನಡದಂಗ್ ಹೇಳ್ತೆ, ಅದ್ ಹಿಂದಿಯಂಗ್ ಹೇಳತ್ತ್. ಇಬ್ರಿಗೂ ಅರ್ಥ ಆತಿಲ್ಲೆ, ಇಬ್ರಿಗೂ ಖುಷಿ. ಆರೆ ಅದಕ್ ಬೇಕಾದ್ದ್ ಅಜ್ಜ.”

ಅತ್ತೆ ಬೈಯಲಿಲ್ಲ. ಹುರಿದ ಬಂಗುಡೆ ಒಂದು ತಂದು ಎದುರಿಗಿಟ್ಟರು. ‘ಸಬ್ ಬಂಗ್ಡಾ ಆಯಾ, ತುಮ್ ನೈ ಆಯಾ’ ಎಂಬ ವಾಕ್ಯ ತಟ್ಟೆಯಿಂದಲೇ ಎದ್ದು ಬಂದು ಎದುರಿಗೆ ಕೂತಿತು. ನಗೆಹನಿ ಎಂದು ನಾನು ಎರಡು ಸಲ ಮಾರಿದ್ದ ಮಾತು ನಗೆಹನಿಯೇ ಅಲ್ಲ. ಬಂಗುಡೆಯೆಲ್ಲ ಬಂತು, ನೀನು ಬರಲಿಲ್ಲ ಎಂದು ಮಾವ ತಮಗೆ ಗೊತ್ತಿದ್ದಷ್ಟು ಹಿಂದಿಯಲ್ಲಿ ಮೊಮ್ಮಗಳನ್ನು ಊರಿಗೆ ಕರೆಯುತ್ತಿದ್ದರು, ಅಷ್ಟೆ.

ಕ್ಷಮೆ ಕೇಳಬೇಕು. ಆದರೆ ಹೇಗೆ? ಇಪ್ಪತ್ತಾರು ವರ್ಷದಲ್ಲಿ ನನ್ನ ಸ್ವಂತ ಸ್ವರ ಬಳಸಿದ್ದೇ ಕಡಿಮೆ, ತುಕ್ಕು ಹಿಡಿದಿದೆ. ಎರಡು ಸಲ ಚಪ್ಪರದವರೆಗೆ ಹೋಗಿ ಬಾಯಿ ತೆರೆದೆ. ಒಂದು ಸಲ ಮೆಂಬರ ಸ್ವರ ಹೊರಟಿತು, ಇನ್ನೊಂದು ಸಲ ಕೆಮ್ಮು. ಆಗಲೇ ಮಾವನ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದು ಕಂಡಿತು. ಚೂರಿಯ ಪಿನ್ನು ಸಡಿಲವಾಗಿ, ಬಲೆ ಕೊಯ್ಯುವಾಗ ಅಲಗು ತಾನಾಗಿ ಮಡಚಿ ಬೆರಳನ್ನು ಕಚ್ಚಿತ್ತು. ನನಗೆ ದೇವರು ಕೊಟ್ಟ ದಾರಿ ಎನಿಸಿತು. ಬಾಯಲ್ಲಿ ಆಗದ್ದನ್ನು ಅಂಗಡಿಯಲ್ಲಿ ಮಾಡೋಣ, ಮಾವನಿಗೆ ಹೊಸ ಚೂರಿ ತರೋಣ ಎಂದುಕೊಂಡೆ.

ಚೂರಿ ಆರಿಸುವುದು ಹೆಣ್ಣು ನೋಡಿದ ಹಾಗೆ ಎಂದು ನಾನು ಹೇಳುವುದಿಲ್ಲ, ಹೆಣ್ಣು ನೋಡಿದ ಅನುಭವ ಇಲ್ಲ. ಫೋನಿನಲ್ಲಿ ವಿಡಿಯೋ ಹಚ್ಚಿದರೆ ಗಡ್ಡದ ವಿದೇಶಿಯರು ಹಿಮದ ನಡುವೆ ಕೂತು ಮಡಚುವ ಚೂರಿಯಿಂದ ಮರ ಸೀಳುತ್ತ, ದಿನನಿತ್ಯ ಕಿಸೆಯಲ್ಲಿಡಲು ಇದೇ ಶ್ರೇಷ್ಠ ಎನ್ನುತ್ತಿದ್ದರು. ಅವರ ದಿನನಿತ್ಯವೇ ಬೇರೆ. ಕೋಡಿಯಲ್ಲಿ ಹಿಮ ಬೀಳುವುದಿಲ್ಲ. ಬಿದ್ದರೆ ಮೀನಿನ ಪೆಟ್ಟಿಗೆಗೆ ತುಂಬಿಕೊಳ್ಳುತ್ತೇವೆ. ನಮ್ಮ ಕಷ್ಟ ಎಂದರೆ ಉಪ್ಪುಗಾಳಿ. ಇಲ್ಲಿ ಗೇಟು, ಸೈಕಲ್ಲು, ಮನುಷ್ಯರು ಎಲ್ಲಕ್ಕೂ ತುಕ್ಕು. ಮೀನಿನ ಲೋಳೆ ಹತ್ತಿದ ಒದ್ದೆ ಕೈಯಲ್ಲೂ ಅದು ಬಿಚ್ಚಬೇಕು. ಬಿಚ್ಚಿದ್ದು ಬಿಚ್ಚಿದಂತೆ ನಿಲ್ಲಬೇಕು, ಮಾವನಿಗೆ ಉಳಿದಿರುವುದು ಒಂದೇ ಸರಿಯಾದ ಹೆಬ್ಬೆರಳು. ಎಲ್ಲಕ್ಕಿಂತ ಮೇಲೆ, ಉಡಿದಾರಕ್ಕೆ ಕಟ್ಟಲು ಹಿಡಿಯ ಬುಡದಲ್ಲೊಂದು ಬಳೆ ಬೇಕೇ ಬೇಕು. ಕಿಸೆಯಿಲ್ಲದವನ ಕಿಸೆಚೂರಿ ಹುಡುಕುವ ಸಂಕಟ ಆ ಗಡ್ಡದವರಿಗೇನು ಗೊತ್ತು?

ಬೈಂದೂರಿನಲ್ಲಿ ಮೈಕು ಕಟ್ಟಲು ಹೋದಾಗ ಒಂದು ಅಂಗಡಿಯಲ್ಲಿ ಚಂದದ್ದು ಸಿಕ್ಕಿತು. ಬಳೆ ಇಲ್ಲ. ಇನ್ನೊಂದಕ್ಕೆ ಬಳೆ ಇತ್ತು, ಆದರೆ ಹದಿನೈದು ಸಾಮಾನು ತುಂಬಿ ಏಡಿಯಷ್ಟು ಭಾರ. ಅದನ್ನು ಕಟ್ಟಿಕೊಂಡು ಮಾವ ಎದ್ದು ನಿಂತರೆ ಚೂರಿ ಅಲ್ಲೇ ಉಳಿದು ಲುಂಗಿ ಕೆಳಗೆ ಹೋಗುತ್ತಿತ್ತು. ಕೊನೆಗೆ ಕುಂದಾಪುರದ ಹಾರ್ಡ್‌ವೇರ್ ಅಂಗಡಿಯ ಪ್ರಭುಗಳು, ಮೂಗಿನಲ್ಲಿ ಮಾತಾಡುವ ಸಜ್ಜನರು, ಗಾಜಿನ ಕೆಳಗಿಂದ ತೆಳ್ಳಗಿನ ಕೆಂಪು ಚೂರಿಯೊಂದನ್ನು ತೆಗೆದಿಟ್ಟರು.

“ಕಾಣಿ, ಇದ್ ಒಳ್ಳೆ ಮಾಲ್. ತುಕ್ಕ್ ಹಿಡುದಿಲ್ಲೆ.”

“ಪ್ರಭುಗಳೇ, ಒಂಚೂರ್ ತೆಂಗಿನೆಣ್ಣೆ ಇತ್ತಾ?”

“ಎಂತಕೆ?”

“ಕೈಗ್ ಹಚ್ಚಿ ಬಿಡ್ಸಿ ಕಾಂಬ ಅಂದೇಳಿ.”

“ಚೂರಿ ತಕಂಬುಕ್ ಬಂದದ್ದಾ ನೀವ್, ಕುಸ್ತಿ ಮಾಡುಕಾ?”

ಬೈದುಕೊಂಡೇ ಎಣ್ಣೆ ಕೊಟ್ಟರು. ಎರಡೂ ಕೈಗೆ ಹಚ್ಚಿಕೊಂಡು ಹೆಬ್ಬೆರಳಿನಿಂದ ಒತ್ತಿದೆ. ‘ಟಕ್’ ಎಂದು ಬಿಚ್ಚಿತು, ಬಿಚ್ಚಿ ಗಟ್ಟಿ ನಿಂತಿತು. ಅಲಗು, ಕತ್ತರಿ, ಸ್ಕ್ರೂಡ್ರೈವರು, ಡಬ್ಬಿಯ ಮುಚ್ಚಳ ಎಬ್ಬಿಸುವ ಕೊಕ್ಕೆ, ಹಿಡಿಯೊಳಗೆ ಅಡಗಿದ ಚಿಮುಟ, ಹಲ್ಲುಕಡ್ಡಿ, ಇವು ಆರು. ಏಳನೆಯದು ಹಂದಿಯ ಬಾಲದಂತೆ ಸುರುಳಿ ಸುತ್ತಿದ ಕಬ್ಬಿಣ. ವಿದೇಶದಲ್ಲಿ ಸಾರಾಯಿ ಬಾಟ್ಲಿಯ ಬೆಂಡಿನ ಬಿರಡೆ ಎಳೆಯಲು ಇಟ್ಟದ್ದಂತೆ. “ಇದ್ ನಮ್ಗ್ ಎಂತಕ್ ಬೇಕಿತ್ತ್?” ಎಂದು ಕೇಳಿದೆ. ಪ್ರಭುಗಳು ಮೂಗೇರಿಸಿ, “ಕೊಟ್ಟಿದ್ರಲೆ, ಇರ್ಲಿ” ಎಂದರು. ಬುಡದಲ್ಲಿ ಪುಟ್ಟ ಬಳೆಯೂ ಇತ್ತು. ತೆಗೆದುಕೊಂಡೆ. ಎಣ್ಣೆ ಕೈಯಲ್ಲಿ ಬೈಕು ಓಡಿಸಿಕೊಂಡು ಸಂಗಂ ತಿರುವಿನಲ್ಲಿ ಬೀಳದೆ ಮನೆ ಸೇರಿದ್ದು ಇನ್ನೊಂದು ಪವಾಡ.

ಅಮ್ಮ ಬಾಗಿಲಲ್ಲೇ ಎಚ್ಚರಿಸಿದಳು. “ಕೈಗ್ ಕೊಡುಕಾಗ ಮಾರಾಯ. ಮದ್ಲೇ ಸಮಾ ಇಲ್ಲೆ. ಕೆಳಗಿಡ್, ಅಣ್ಣ ಬೇಕಾರೆ ತಕಂತ.”

ಹೋಗಿ ಮಾವನ ಎದುರು ಕವುಚಿಟ್ಟ ಮೀನಿನ ಬುಟ್ಟಿಯ ಮೇಲೆ ಚೂರಿ ಇಟ್ಟೆ. “ಮಾವ, ನಿಮ್ಗ್” ಎಂದೆ. ನನ್ನದೇ ಸ್ವರ, ಕೀರಲಾಗಿತ್ತು. ಮಾವ ನೋಡಲಿಲ್ಲ. ಹೆದರಿದಾಗ ನನ್ನ ಬಾಯಿ ಏನು ಮಾಡುತ್ತದೆಂದು ನಿಮಗೀಗ ಗೊತ್ತು. ಮೂಗಿನಿಂದ ಪ್ರಭುಗಳೇ ಹೊರಟರು. “ಕಾಣಿ ಶೀನಣ್ಣ, ಒಳ್ಳೆ ಮಾಲ್. ತುಕ್ಕ್ ಹಿಡುದಿಲ್ಲೆ. ಎಣ್ಣಿ ಕೈಯಂಗೂ ಬಿಚ್ಚತ್ತ್.”

ಮಾವನ ಮೀಸೆಯ ಎಡತುದಿ ನಡುಗಿದ್ದು ನಾನು ಕಣ್ಣಾರೆ ಕಂಡೆ. ಒಂದೇ ಕ್ಷಣ. ಆಮೇಲೆ ಅದನ್ನು ಒಳಗೆಳೆದುಕೊಂಡು, “ಇದೆಲ್ಲ ಎಂತಕೆ ರಾಘವೇಂದ್ರ? ಅಲ್ಲೇ ಇರ್ಲಿ. ನಿಮ್ಗ್ ಕೆಲ್ಸ ಇತ್ತೇನೋ, ಹೊರಡಿ” ಎಂದರು.

ಹೊರಟೆ. ಚೂರಿ ಅಲ್ಲೇ ಇತ್ತು. ಎತ್ತಿಕೊಳ್ಳದೆ ಇದ್ದರೆ ಕೊಟ್ಟ ಹಾಗೂ ಅಲ್ಲ, ಹಿಂದೆ ತೆಗೆದುಕೊಳ್ಳುವ ಹಾಗೂ ಇಲ್ಲ. ಅಜ್ಜಂದಿರು ಕಟ್ಟಳೆ ಮಾಡುವಾಗ ಎದುರಿನವರು ಎತ್ತದಿದ್ದರೆ ಏನು ಮಾಡಬೇಕೆಂದು ಹೇಳಿಹೋಗಿಲ್ಲ. ಎರಡನೆಯ ದಿನ ಹೋಗಿ ನೋಡಿದೆ, ಬುಟ್ಟಿಯ ಮೇಲೆಯೇ ಇತ್ತು. ಮಾವ ಅದೇ ಬುಟ್ಟಿಗೆ ಒರಗಿ, ಅದೇ ಮುದಿ ಚೂರಿಯಲ್ಲಿ ದಾರ ಕೊಯ್ಯುತ್ತಿದ್ದರು. ಮೂರನೆಯ ದಿನ ಅದರ ಮೇಲೆ ಒಂದು ತುಂಡು ಪ್ಲಾಸ್ಟಿಕ್ಕು ಹೊದೆಸಿ ಕಲ್ಲು ಇಟ್ಟಿತ್ತು. ಉಪ್ಪುಗಾಳಿ ತಾಗಬಾರದೆಂದು ಯಾರೋ ಕಾಳಜಿ ಮಾಡಿದ್ದರು. ಆ ಚಪ್ಪರದಲ್ಲಿ ಇರುವವರು ಒಬ್ಬರೇ. ನಾನು ಹಾರಿಕೊಂಡು ಬಂದು ಅಮ್ಮನಿಗೆ ಹೇಳಿದೆ. “ಪ್ಲಾಸ್ಟಿಕ್ ಕಂಡ್ ಕುಣಿಯು ಮಂಗನ್ನ ಇಲ್ಲೇ ಕಂಡದ್ದ್” ಎಂದಳು. ಐದನೆಯ ದಿನ ಚೂರಿಯ ತಲೆ ಸಮುದ್ರದ ಕಡೆಗೆ ಇದ್ದದ್ದು ಊರ ಕಡೆಗೆ ತಿರುಗಿತ್ತು. ಯಾರೋ ಎತ್ತಿ ನೋಡಿ ಇಟ್ಟಿದ್ದಾರೆ! ಕಳ್ಳ ಪೋಲೀಸು ಆಟ ಆಡಿದ ಹಾಗೆ ನಾನು ದಿನಾ ಗಾಳಿಮರದ ಹಿಂದಿನಿಂದ ಇಣುಕುತ್ತಿದ್ದೆ. ನಾಲ್ಕು ಗಂಟೆಗೆ ಫೋನು ಮಾತ್ರ ಅತ್ತೆಯ ಕೈಯಲ್ಲೇ ಇರುತ್ತಿತ್ತು.

ಒಂಬತ್ತನೆಯ ದಿನ ಹೋದರೆ ಬುಟ್ಟಿಯ ಮೇಲೆ ಏನೂ ಇಲ್ಲ. ಪ್ಲಾಸ್ಟಿಕ್ಕು ಇಲ್ಲ, ಕಲ್ಲಿಲ್ಲ, ಮಾವನೂ ಇಲ್ಲ. ಸಮುದ್ರಕ್ಕೇ ಎಸೆದರೋ ಏನೋ ಎಂದು ಮನೆಯ ಕಡೆ ನಡೆದೆ. ಹಿತ್ತಲಿನ ಬಾವಿಕಟ್ಟೆಯಿಂದ ಮಾವನ ಸ್ವರ ಕೇಳಿತು. ಮೊದಲಿನಷ್ಟು ದೊಡ್ಡದಲ್ಲ, ಪಿಸುಮಾತಿಗಿಂತ ಸ್ವಲ್ಪ ಮೇಲೆ.

“ಯೇ ದೇಖೋ. ಯೇ ಕೈಂಚೀ. ಛೋಟಾ ಕೈಂಚೀ. ತುಮ್ಹಾರಾ ಉಗುರ್ ಕಾಟ್ನೇ ಕಾ.”

ಫೋನಿನೊಳಗೆ ಕಿಲಕಿಲ ನಗು. “ಔರ್ ದಿಖಾವೋ ಅಜ್ಜ! ಔರ್!”

“ಯೇ ದಾಂತ್ ಕಾ ಕಡ್ಡಿ.”

“ಕಡ್ಡಿ! ಕಡ್ಡಿ!” ಎಂದು ಪರಿ ಕುಣಿದಳು. ಅವಳ ಎರಡನೆಯ ಕನ್ನಡ ಶಬ್ದ.

ನಾನು ಬಾಳೆಯ ಗಿಡದ ಹಿಂದೆ ಸರಿದು ನಿಂತೆ. ದಿನಾ ಊಟ ಆಯ್ತಾ, ಶಾಲೆ ಹೇಗಿತ್ತು ಎಂದು ಮಾತು ಹೊಲಿಯುವ ಮನುಷ್ಯನ ಕೈಯಲ್ಲಿ ಈಗ ತೋರಿಸಲು ಏಳು ಸಾಮಾನು ಇದ್ದವು. ತೋರಿಸುವುದಕ್ಕೆ ಹೆಚ್ಚು ಹಿಂದಿ ಬೇಡ. ಒದ್ದೆ ಕೈ, ತುಕ್ಕು, ಬಳೆ ಎಂದು ನಾನು ಲೆಕ್ಕ ಹಾಕಿ ಆರಿಸಿದ್ದೆ. ಈ ಉಪಯೋಗ ನನ್ನ ಮಂಡೆಗೂ ಹೊಳೆದಿರಲಿಲ್ಲ, ಆ ಗಡ್ಡದವರ ವಿಡಿಯೋದಲ್ಲೂ ಇರಲಿಲ್ಲ.

ಮಾವ ಏಳನೆಯದನ್ನು ಬಿಚ್ಚಿದರು. ಹಂದಿಯ ಬಾಲ. “ಯೇ...” ಎಂದರು. ನಿಂತರು. “ಯೇ...” ತಲೆ ಎತ್ತಿದಾಗ ಬಾಳೆಯ ಗಿಡದ ಹಿಂದೆ ನಾನು ಅವರಿಗೆ ಕಾಣಿಸಿದೆ.

“ಹ್ವಾಯ್ ರೇಡಿಯೋ! ಅಲ್ಲೆಂತ ಕದ್ದ್ ಕೇಂತೆ? ಬಾ ಇಲ್. ಇದಕ್ ಹಿಂದಿಯಂಗ್ ಎಂತ ಹೇಳ್ತ್ರ್?”

ರೇಡಿಯೋ. ಆ ಶಬ್ದ ಕಿವಿಗೆ ಬಿದ್ದದ್ದೇ ನನ್ನ ಕಣ್ಣಿಗೆ ಏನೋ ಬಿತ್ತು. ಬಾವಿಕಟ್ಟೆಗೆ ಹೋಗಿ ಕೂತೆ. ಇಡೀ ಮದುವೆ ಹಾಲಿಗೆ ಇವರ ಹಿಂದಿಯನ್ನು ಹಂಚಿ ಚಪ್ಪಾಳೆ ಹೊಡೆಸಿಕೊಂಡ ಪಂಡಿತ ನಾನು. ಬಾಯಿ ತೆರೆದೆ. ಹಿಂದಿಯಲ್ಲಿ ಗೊತ್ತಿಲ್ಲ. ಕನ್ನಡದಲ್ಲಿಯೂ ಗೊತ್ತಿಲ್ಲ. ಗೊತ್ತಿದ್ದರೂ ಸಾರಾಯಿ ಬಾಟ್ಲಿಯ ವಿಷಯ ಐದು ವರ್ಷದ ಮಗುವಿಗೆ ಹೇಗೆ ಹೇಳುವುದು?

“ಗೊತ್ತಿಲ್ಲೆ ಮಾವ.”

ಮಾವ ಫೋನಿಗೆ ಹೇಳಿದರು, “ಇಸ್ಕೋ ಭೀ ಮಾಲೂಮ್ ನೈ! ಖಾಲೀ ಮೂಂಹ್ ಬಡಾ ಹೈ!” ಆಮೇಲೆ ಸುರುಳಿಯನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ಯೋಚಿಸಿ, “ಯೇ ಏಡಿ ಕಾ ಕಾಲ್ ಸೇ ಮಾಂಸ್ ನಿಕಾಲ್ನೇ ಕಾ. ತುಮ್ ಆಯೇಗಾ ನಾ, ತಬ್ ನಿಕಾಲ್ ಕೇ ದೇಗಾ” ಎಂದರು.

“ಕಬ್?” ಎಂದಳು ಪರಿ.

ಹಿಂದಿನಿಂದ ಅವಳ ಅಮ್ಮನ ಸ್ವರ ಬಂತು. “ಮೇ ತಿಂಗಳಂಗ್ ಬತ್ತ್ ಅಪ್ಪಯ್ಯ. ದಿನಾ ಕೇಂತ್ತ್ ಅದ್, ಅಜ್ಜನ ಹತ್ರ ಯಾವತ್ ಹ್ವಾಪುದ್ ಅಂದೇಳಿ.”

ಮಾವ ಬೈರಾಸಿನಿಂದ ಮುಖ ಒರೆಸಿಕೊಂಡರು. ಸೆಖೆ ಇತ್ತು ಎಂದಿಟ್ಟುಕೊಳ್ಳಿ. ನನ್ನ ಕಡೆ ತಿರುಗಿ, “ಬ್ರಹ್ಮಾವರದಂಗ್ ಮಾಡಿದ್ಯಲೆ, ಅದನ್ನ ಇಲ್ ಮಾಡ್ ಕಾಂಬ. ಮಗು ಕಾಣ್ಲಿ” ಎಂದರು.

“ಬ್ಯಾಡ ಮಾವ.”

“ಮಾಡ್ ಅಂದ್ರೆ ಮಾಡ್.”

ಮಾಡಿದೆ. ಕುಕ್ಕರಗಾಲು, ಹೆಗಲಿಗೆ ಬೈರಾಸು, “ಹಲೋ ಬೇಟೀ, ಹಮ್ ಬಲೆ ಮೇ ಬೈಠಾ ಹೈ!” ನನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನ ಎಂದೇ ಹೇಳುತ್ತೇನೆ. ಬಂಗುಡೆಯ ವಾಕ್ಯ ಮಾತ್ರ ಬಿಟ್ಟೆ. ಪರಿ ನಗಲಿಲ್ಲ. ಮೂಗು ಪರದೆಗೆ ತಾಗುವಷ್ಟು ಹತ್ತಿರ ಬಂದು ನನ್ನನ್ನು ನೋಡಿದಳು. “ನಹೀಂ” ಎಂದಳು. “ಅಜ್ಜ ಐಸಾ ನಹೀಂ ಬೋಲ್ತೇ.” ಅಜ್ಜ ಹೀಗೆ ಮಾತಾಡುವುದಿಲ್ಲವಂತೆ.

ಇಡೀ ಹಾಲ್ ಕೊಟ್ಟ ಚಪ್ಪಾಳೆಯನ್ನು ಅವಳು ಒಂದೇ ತಲೆಯಾಟದಲ್ಲಿ ಕಿತ್ತುಕೊಂಡಳು. ಮಾವ ಬಾವಿಕಟ್ಟೆ ಅದುರುವಂತೆ ನಕ್ಕರು. ಅಷ್ಟು ಚೆನ್ನಾಗಿ ನನ್ನನ್ನು ನೋಡಿ ಯಾರೂ ನಕ್ಕಿರಲಿಲ್ಲ. ಆ ನಗುವಿನ ಋಣ ನನ್ನ ಮೇಲೆ ಇರಲಿ, ತೀರುವುದು ಬೇಡ.

ಫೋನು ಇಟ್ಟ ಮೇಲೆ ಮಾವ ಉಡಿದಾರದಿಂದ ಹಳೆಯ ಚೂರಿ ಬಿಚ್ಚಿದರು. ಆ ಜಾಗಕ್ಕೆ ಕೆಂಪು ಚೂರಿ ಕಟ್ಟಿದರು. ಬಳೆ ಸರಿಹೋಯಿತು. ಹಳೆಯದನ್ನು ನನ್ನ ಕಡೆ ಚಾಚಿದರು. ನಾನು ಅಭ್ಯಾಸಬಲದಿಂದ ನೆಲ ನೋಡಿದೆ.

“ಕೆಳಗಿಡಿ ಮಾವ.”

“ಎಂತಕೆ?”

“ಜಗಳ ಆತ್ತ್ ಅಲ್ದಾ, ಕೈಗ್ ಕೊಟ್ರೆ.”

“ಆಪುದ್ ಆಯ್ತಲೆ ಮಾರಾಯ. ಇನ್ನೆಂತ ಬಾಕಿ ಇತ್ತ್? ಹಿಡಿ.”

ಹಿಡಿದೆ. ಅವರ ಕೈಯ ಬಿಸಿ ಹಿಡಿಯ ನೀಲಿ ದಾರದಲ್ಲಿ ಇನ್ನೂ ಇತ್ತು. “ಪಿನ್ ಸರಿ ಮಾಡ್ಸ್ಕೋ, ಇಲ್ದಿರೆ ಬೆರಳ್ ತಿಂತ್ತ್” ಎಂದು ಹೇಳಿ ಬಲೆಯ ಕಡೆ ಹೋದರು.

ಪಿನ್ನು ಸರಿ ಮಾಡಿಸಿದೆ. ಈಗ ಬೆರಳು ತಿನ್ನುವುದಿಲ್ಲ. ವಯರು ಸುಲಿಯುತ್ತದೆ, ಟೇಪು ಕೊಯ್ಯುತ್ತದೆ, ಸ್ಕ್ರೂ ತಿರುಗಿಸುವುದಿಲ್ಲ, ಅದಕ್ಕೆ ಬೇರೆ ಸ್ಕ್ರೂಡ್ರೈವರು ಹೊತ್ತು ತಿರುಗುತ್ತೇನೆ. ಹಾಲಾಡಿಯ ಹಾಲ್‌ನಲ್ಲಿ ಮದುವೆ ಮುಗಿದು ಪೆಟ್ಟಿಗೆ ಕಟ್ಟುತ್ತಿದ್ದಾಗ ಭಟ್ಟರು ಮತ್ತೆ ಬಂದರು. ಎಲೆಯ ಕಟ್ಟಿನ ಹಗ್ಗ ಬಿಚ್ಚುತ್ತಿಲ್ಲವಂತೆ. “ಕೊಡ್ ಮಾರಾಯ, ನಿನ್ ಸಮುದ್ರದ ಚೂರಿ” ಎಂದು ಕೈ ಚಾಚಿದರು.

ನಾನು ಮೇಜಿನ ಮೇಲೆ ಇಟ್ಟೆ. ಕೈಗೆ ಕೊಡುವಷ್ಟು ಜಗಳ ನಮ್ಮಿಬ್ಬರಲ್ಲಿ ಇನ್ನೂ ಆಗಿರಲಿಲ್ಲ.